ರೈಟರ್‌ನಲ್ಲಿ ಯಾವ ಆದೇಶಕ್ಕೆ ಯಾವ ಕೀಲಿ?

ಪ್ರಶ್ನೆ: ನಮಸ್ಕಾರ ಸರ್. ನಾನು ಪ್ರಕಾಶನ ಸಂಸ್ಥೆಯೊಂದರಲ್ಲಿ ಕರಡು ತಿದ್ದುತ್ತೇನೆ. ವಿಂಡೋಸ್ ಗಣಕದಲ್ಲಿ ಲಿಬ್ರೆಆಫೀಸ್ ರೈಟರ್ ಎಂಬ ಬರವಣಿಗೆಯ ತಂತ್ರಾಂಶವನ್ನು ಬಳಸುತ್ತೇವೆ. ಅಡಿಟಿಪ್ಪಣಿ ಸೇರಿಸುವುದು, ಪದ್ಯದ ಸಾಲುಗಳಿಗೆ ಶೈಲಿ ಕೊಡುವುದು, ವಿನ್ಯಾಸವಿಲ್ಲದೆ ಬರಿಯ ಪಠ್ಯವನ್ನು ಪೇಸ್ಟ್ ಮಾಡುವುದು, ತಿದ್ದುಪಡಿಗಳೆಲ್ಲವನ್ನೂ ಒಮ್ಮೆಗೇ ಒಪ್ಪಿಕೊಳ್ಳುವುದು, ಈ ನಾಲ್ಕಕ್ಕೂ ಶಾರ್ಟ್‌ಕಟ್ ಬೇಕಾಗಿದೆ. ಆದೇಶದ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರವನ್ನೇ ಕಂಟ್ರೋಲ್ ಜೊತೆ ಸೇರಿಸಿದರೆ ಸಾಕೇ?

ಉತ್ತರ: ನಮಸ್ಕಾರ ಮೇಡಂ. ಮೊದಲ ಅಕ್ಷರದ ಕ್ರಮ ನೆನಪಿಗೆ ಸುಲಭವೇನೋ ಹೌದು, ಆದರೆ ಫುಟ್‌ನೋಟ್ ಎಂದು ಕಂಟ್ರೋಲ್-ಎಫ್ ಅನ್ನು ತೆಗೆದುಕೊಂಡರೆ ಹುಡುಕುವ ಸೌಲಭ್ಯದ ಕೀಲಿಯೇ ಹೋಗುತ್ತದೆ. ಕರಡು ತಿದ್ದುವವರಿಗೆ ಇದು ದೊಡ್ಡ ನಷ್ಟ. ಬಹುತೇಕ ತಂತ್ರಾಂಶಗಳಲ್ಲಿ ಒಂದೇ ಅರ್ಥವಿರುವ ಕೀಲಿಗಳನ್ನು, ಅಂದರೆ ಕಂಟ್ರೋಲ್ ಜೊತೆಗಿನ ಜೆಡ್, ಎಕ್ಸ್, ಸಿ, ವಿ, ಎಫ್, ಎಸ್, ಪಿ ಇವುಗಳನ್ನು, ದಯವಿಟ್ಟು ಮುಟ್ಟಬೇಡಿ.

ಅಡಿಟಿಪ್ಪಣಿಗೆ ಕಂಟ್ರೋಲ್-ಆಲ್ಟ್-ಎಫ್ ಕೊಡಿ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿಯೂ ಅಡಿಟಿಪ್ಪಣಿಗೆ ಅದೇ ಕೀಲಿ ಇರುವುದರಿಂದ ಲೇಖಕರ ಗಣಕದಲ್ಲಿ ಕೆಲಸ ಮಾಡುವಾಗಲೂ ಕೈ ತಡವರಿಸುವುದಿಲ್ಲ. ಪದ್ಯದ ಶೈಲಿಗೆ ಅಂಕಿಗಳ ಸಾಲು ಒಳ್ಳೆಯದು: ರೈಟರ್‌ನಲ್ಲಿ ಕಂಟ್ರೋಲ್-1ರಿಂದ ಕಂಟ್ರೋಲ್-5ರವರೆಗೆ ಐದು ಹಂತದ ಶೀರ್ಷಿಕೆಗಳೂ ಕಂಟ್ರೋಲ್-0ಗೆ ಸಾಮಾನ್ಯ ಪಠ್ಯವೂ ಮೊದಲೇ ನಿಗದಿಯಾಗಿವೆ, ನಮ್ಮ ಪುಸ್ತಕಗಳಲ್ಲಿ ಐದನೆಯ ಹಂತದ ಶೀರ್ಷಿಕೆ ಬರುವುದೇ ಅಪರೂಪವಾದ್ದರಿಂದ ಕಂಟ್ರೋಲ್-5 ಅನ್ನು ಪದ್ಯಕ್ಕೆ ಬಿಟ್ಟುಕೊಡಬಹುದು. ಕಂಟ್ರೋಲ್-ಡಿ ಕೂಡ ತೆರವು ಮಾಡಬಹುದಾದ ಜಾಗವೇ. ಅದು ಜೋಡಿ ಅಡಿಗೆರೆ ಎಳೆಯುತ್ತದೆ, ಕನ್ನಡದಲ್ಲಿ ಆ ಗೆರೆಗಳು ಒತ್ತಕ್ಷರಗಳ ಮೇಲೆಯೇ ಹಾದು ಓದಿಗೆ ಅಡ್ಡಿಯಾಗುತ್ತವೆ.

ಬರಿಯ ಪಠ್ಯದ ಪೇಸ್ಟ್‌ಗೆ ಈಗಿರುವುದು ಕಂಟ್ರೋಲ್-ಆಲ್ಟ್-ಶಿಫ್ಟ್-ವಿ. ದಿನವಿಡೀ ಬಳಸುವ ಆದೇಶಕ್ಕೆ ನಾಲ್ಕು ಕೀಲಿ ಒತ್ತುವುದು ಬೆರಳುಗಳಿಗೆ ಹಿಂಸೆ. ಅದನ್ನು ಕಂಟ್ರೋಲ್-ಶಿಫ್ಟ್-ವಿಗೆ ತನ್ನಿ. ಗೂಗಲ್ ಡಾಕ್ಸ್‌ನಲ್ಲಿ ಇದೇ ರೂಢಿ.

ತಿದ್ದುಪಡಿಗಳೆಲ್ಲವನ್ನೂ ಒಪ್ಪುವ ಆದೇಶಕ್ಕೆ ಮಾತ್ರ ಯಾವ ಕೀಲಿಯನ್ನೂ ಕೊಡಬೇಡಿರೆಂದು ಒತ್ತಿ ಹೇಳುತ್ತೇನೆ. ತಪ್ಪಿ ಒತ್ತಿದ್ದು ಗಮನಕ್ಕೆ ಬಾರದೆ ಕಡತವನ್ನು ಉಳಿಸಿ ಮುಚ್ಚಿಬಿಟ್ಟರೆ, ಯಾರು ಎಲ್ಲಿ ಏನು ತಿದ್ದಿದರೆಂಬ ದಾಖಲೆಯೇ ಅಳಿಸಿಹೋಗುತ್ತದೆ. ಅದು ಮೆನುವಿನಲ್ಲಿಯೇ ಇರಲಿ.

ಕನ್ನಡ ಟೈಪಿಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ವಿಂಡೋಸ್‌ನಲ್ಲಿ ಎಡ ಆಲ್ಟ್-ಶಿಫ್ಟ್ ಸಾಮಾನ್ಯವಾಗಿ ಭಾಷೆಯನ್ನು ಬದಲಿಸುವುದರಿಂದ ಆ ಜೋಡಿಯಿಂದ ಶುರುವಾಗುವ ಶಾರ್ಟ್‌ಕಟ್ ಬೇಡ. ಇಂಗ್ಲಿಷ್ (ಇಂಡಿಯಾ) ಕೀಲಿಮಣೆ ವಿನ್ಯಾಸದಲ್ಲಿ ಕಂಟ್ರೋಲ್-ಆಲ್ಟ್-4 ಒತ್ತಿದರೆ ₹ ಚಿಹ್ನೆ ಬರುತ್ತದೆ, ಅದನ್ನೂ ಬಿಟ್ಟುಬಿಡಿ.

ಪ್ರಶ್ನೆ: ಧನ್ಯವಾದಗಳು ಸರ್. ಇವನ್ನು ಎಲ್ಲಿ ಬದಲಿಸಬೇಕು? ಸಹೋದ್ಯೋಗಿಗಳ ಗಣಕಗಳಿಗೂ ಒಂದೊಂದಾಗಿ ಹಾಕಬೇಕೇ?

ಉತ್ತರ: ಬೇಕಿಲ್ಲ ಮೇಡಂ. ಟೂಲ್ಸ್ ಮೆನುವಿನ ಕಸ್ಟಮೈಸ್‌ನಲ್ಲಿ ಕೀಬೋರ್ಡ್ ಪುಟವನ್ನು ತೆರೆದು, ಮೇಲೆ ಲಿಬ್ರೆಆಫೀಸ್ ಬದಲು ರೈಟರ್ ಎಂಬುದನ್ನು ಆರಿಸಿಕೊಳ್ಳಿ. ಹಾಗೆ ಮಾಡಿದರೆ ಲಿಬ್ರೆಆಫೀಸ್‌ನ ಲೆಕ್ಕಪಟ್ಟಿ ತಂತ್ರಾಂಶವಾದ ಕ್ಯಾಲ್ಕ್‌ನ ಕೀಲಿಗಳು ಕದಲುವುದಿಲ್ಲ. ಪದ್ಯದ ಶೈಲಿ ಅಲ್ಲಿಯ ವರ್ಗಗಳ ಪಟ್ಟಿಯಲ್ಲಿ ಸ್ಟೈಲ್ಸ್ ಅಡಿಯಲ್ಲಿ ಸಿಗುತ್ತದೆ. ಎಲ್ಲವೂ ಮುಗಿದ ಮೇಲೆ ಅದೇ ಪುಟದ ಸೇವ್ ಗುಂಡಿಯಿಂದ ಈ ಹೊಂದಿಕೆಯನ್ನು ಕಡತವಾಗಿ ಉಳಿಸಿ, ಉಳಿದ ಗಣಕಗಳಲ್ಲಿ ಲೋಡ್ ಗುಂಡಿಯಿಂದ ತೆರೆದರಾಯಿತು. ಅವರ ಹಳೆಯ ಹೊಂದಿಕೆಯನ್ನು ಮೊದಲು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಲು ಮರೆಯಬೇಡಿ.