ಒಂದೇ ಕ್ಷೇತ್ರದಿಂದ ಎಂಟು ಸಲ: ಹೊರಟ್ಟಿ ಗೆಲ್ಲುತ್ತಾ ಬಂದದ್ದು ಹೇಗೆ?

ಪ್ರಶ್ನೆ – ಬೆಂಗಳೂರು ಹುಡುಗ

ಬಸವರಾಜ ಹೊರಟ್ಟಿ 1980ರಿಂದ ಒಂದು ಅವಧಿಯೂ ಬಿಡದೆ ವಿಧಾನ ಪರಿಷತ್ತಿನಲ್ಲಿದ್ದಾರೆ ಅಂತ ಓದಿದೆ. ನಾನು ಹುಟ್ಟಿದ್ದೇ 1993ರಲ್ಲಿ! ಪಕ್ಷ ಬದಲಾದರೂ ಗೆದ್ದಿದ್ದಾರೆ. ಅದೇನೋ ಶಿಕ್ಷಕರ ಕ್ಷೇತ್ರವಂತೆ. ನಮ್ಮ ಮನೆಯಲ್ಲಿ ಯಾರಿಗೂ ಅಲ್ಲಿ ಓಟಿಲ್ಲ, ಹಾಗಾಗಿ ಏನೂ ಗೊತ್ತಿಲ್ಲ. ಆ ಕಡೆಯವರು ಯಾರಾದರೂ ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ 1 – ಗದಗಿನವ

ಪಶ್ಚಿಮ ಶಿಕ್ಷಕರ ಕ್ಷೇತ್ರ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿ ಒಂದು. ಮೊದಲ ಸಲ ಪಕ್ಷೇತರ, ಆಮೇಲೆ ಬಹುಕಾಲ ಜನತಾ ಪರಿವಾರ, 2022ರಲ್ಲಿ ಬಿಜೆಪಿ. ಆರು ವರ್ಷಕ್ಕೊಂದು ಚುನಾವಣೆ, 2022ರ ಜೂನ್‌ದು ಎಂಟನೇ ಗೆಲುವು. ಉಳಿದದ್ದನ್ನು ಮಾಸ್ತರುಗಳೇ ಹೇಳಬೇಕು.

ಉತ್ತರ 2 – ನಿವೃತ್ತ ಮಾಸ್ತರ, ಹಾವೇರಿ ಜಿಲ್ಲೆ

ನಾನು ಹೇಳ್ತೀನಿ. ಅನುದಾನಿತ ಹೈಸ್ಕೂಲಿನಲ್ಲಿ (ಶಾಲೆ ಖಾಸಗಿ ಸಂಸ್ಥೆಯದು, ಸಂಬಳ ಸರ್ಕಾರದ್ದು) 30 ವರ್ಷ ವಿಜ್ಞಾನ ಕಲಿಸಿದವನು. 1992ರಿಂದ 2016ರವರೆಗೆ ಐದು ಸಲ ಈ ಓಟು ಹಾಕಿದ್ದೇನೆ. ಐದೂ ಸಲ ಅವರಿಗೇ ಹಾಕಿದೆ ಅಂತ ತಿಳಿಯಬೇಡಿ.

ಮೊದಲು ಒಂದು ಮಾತು. ಅವರು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಿದ್ದವರು. ಅಂದರೆ ಪಿ.ಟಿ. ಮಾಸ್ತರ. ಸ್ಟಾಫ್ ರೂಮಿನಲ್ಲಿ ಪಿ.ಟಿ. ಮಾಸ್ತರರ ಕುರ್ಚಿ ಎಲ್ಲಿರುತ್ತದೆ ಅಂತ ಯಾವ ಶಿಕ್ಷಕರನ್ನಾದರೂ ಕೇಳಿ. ಬಾಗಿಲ ಹತ್ತಿರ, ಗಂಟೆ ಹೊಡೆಯಲು ಅನುಕೂಲ ಆಗುವ ಹಾಗೆ. ಗಣಿತದವರು ರಜೆ ಹಾಕಿದರೆ ಆ ಪೀರಿಯಡ್ಡೂ ಅವರಿಗೇ. ಅಂಥ ಕುರ್ಚಿಯಿಂದ ಎದ್ದವರು ಮೇಲ್ಮನೆ ಸಭಾಪತಿ ಆದರು ಅಂತ ನಮ್ಮ ಶಾಲೆಯ ಪಿ.ಟಿ. ಮಾಸ್ತರಿಗೆ ಭಾರಿ ಹೆಮ್ಮೆ. 2021ರ ಫೆಬ್ರವರಿಯಲ್ಲಿ ಸುದ್ದಿ ಬಂದ ದಿನ ಫೋನ್ ಮಾಡಿ, "ಸರ್, ಈಗರೆ ನಮಗೊಂದು ಛಲೋ ಕುರ್ಚಿ ಕೊಡ್ರಿ" ಅಂದಿದ್ದ. ನಾನು ರಿಟೈರ್ ಆಗಿ ಮೂರು ವರ್ಷ ಆಗುತ್ತಾ ಬಂದಿತ್ತು, ಎಲ್ಲಿಂದ ಕೊಡಲಿ?

ಈಗ ಗುಟ್ಟು. ಈ ಕ್ಷೇತ್ರದ ಮತದಾರರು ಇಪ್ಪತ್ತು ಸಾವಿರದೊಳಗೆ. ವಿಧಾನಸಭೆ ಕ್ಷೇತ್ರದಲ್ಲಿ ಲಕ್ಷಗಟ್ಟಲೆ ಇರ್ತಾರೆ, ಅಲ್ವಾ? ಇಲ್ಲಿ ಹಾಗಲ್ಲ. ಪ್ರತಿಯೊಬ್ಬ ಮತದಾರನ ಹತ್ತಿರವೂ ಒಂದು ಫೈಲ್ ಇರುತ್ತದೆ. ನೇಮಕಾತಿ ಅನುಮೋದನೆ, ಬಡ್ತಿ, ಪಿಂಚಣಿ, ಅನುದಾನ. ಅದು ಯಾವುದೋ ಮೇಜಿನ ಮೇಲೆ ಕೂತಿರುತ್ತದೆ. ಅದು ಯಾಕೆ ಕೂತಿದೆ ಅಂತ ನಿಯಮದ ಭಾಷೆಯಲ್ಲಿ ಮಾತಾಡಬಲ್ಲ ಮನುಷ್ಯ ಬೇಕು. ಭಾಷಣ ಯಾರಿಗೆ ಬೇಕು?

ನನ್ನದೇ ತಗೊಳ್ಳಿ. 1988ರಲ್ಲಿ ಸೇರಿದಾಗ ತಿಂಗಳಿಗೆ ನಾನೂರು ರೂಪಾಯಿ, ಅದೂ ಸಂಸ್ಥೆಯವರ ಕೈಯಲ್ಲಿದ್ದರೆ. ಅನುದಾನ ಬಂದದ್ದು 1994ರಲ್ಲಿ. ಆ ಆರು ವರ್ಷ ನಾನು ಪಾಠ ಮಾಡಿಯೇ ಇಲ್ಲ ಅನ್ನುವ ಹಾಗೆ ಸಂಬಳದ ಲೆಕ್ಕ ಹಾಕಿದರು. ಒಂದು ಕಚೇರಿಯಲ್ಲಿ ನನ್ನ ಸೇವಾ ಪುಸ್ತಕವೇ ಹನ್ನೊಂದು ತಿಂಗಳು ಸಿಗಲಿಲ್ಲ. ಕೊನೆಗೆ ಕಪಾಟು ಅಲುಗಾಡದಿರಲಿ ಅಂತ ಅದರ ಕಾಲಿನ ಕೆಳಗೆ ಇಟ್ಟಿದ್ದ ಕಟ್ಟಿನಲ್ಲಿ ಸಿಕ್ಕಿತು. ಇಂಥ ವರ್ಷಗಳನ್ನೂ ಸೇವೆ ಅಂತ ಹಿಡಿದು ಸಂಬಳ ಲೆಕ್ಕ ಹಾಕುವುದಕ್ಕೆ 'ಕಾಲ್ಪನಿಕ ವೇತನ ಬಡ್ತಿ' ಅಂತ ಹೆಸರು. ಹಸಿವು ಮಾತ್ರ ಕಾಲ್ಪನಿಕ ಇರಲಿಲ್ಲ ಬಿಡಿ. ಇದರ ಬಗ್ಗೆ ಸರ್ಕಾರ ಸಮಿತಿ ಮಾಡಿದಾಗ ಅದಕ್ಕೆ ಹೊರಟ್ಟಿಯವರೇ ಮುಖ್ಯಸ್ಥರು. ಹೀಗೆ ಅನುದಾನಿತ ಶಾಲೆಯ ಯಾವ ತಕರಾರು ತೆಗೆದರೂ ಅವರ ಹೆಸರು ಅಡ್ಡ ಬರುತ್ತದೆ.

ಓಟು ಹಾಕುವುದೂ ಬೇರೆ ಥರ. ಮಷಿನ್ ಇಲ್ಲ, ಪಕ್ಷದ ಚಿಹ್ನೆ ಇಲ್ಲ. ಕಾಗದ ಕೊಡ್ತಾರೆ, ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಡ್ತಾರೆ. ಹೆಸರಿನ ಮುಂದೆ 1, 2, 3 ಅಂತ ಅಂಕಿ ಬರೆಯಬೇಕು. ಸಿಂಧುವಾದ ಓಟಿನ ಅರ್ಧಕ್ಕಿಂತ ಜಾಸ್ತಿ ಬಂದವರು ಗೆಲ್ತಾರೆ. ಯಾರಿಗೂ ಬರದಿದ್ದರೆ ಕೊನೆಯವರನ್ನು ತೆಗೆದು, ಅವರ ಓಟುಗಳಲ್ಲಿ ಎರಡನೇ ಅಂಕಿ ಯಾರಿಗಿದೆಯೋ ಅವರಿಗೆ ಹಂಚ್ತಾರೆ. ಚುನಾವಣೆಯ ಹಿಂದಿನ ದಿನ ನಮ್ಮ ಹೆಡ್‌ಮಾಸ್ತರರು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದರು: ಟಿಕ್ ಹಾಕಬೇಡಿ, ಸಹಿ ಮಾಡಬೇಡಿ. ಜೀವನವಿಡೀ ಟಿಕ್ ಹಾಕಿ ಸಹಿ ಮಾಡಿದ ಕೈ, ಕೇಳಬೇಕಲ್ಲ! ಒಂದು ಸಲ ನಮ್ಮ ಹಿಂದಿ ಅಧ್ಯಾಪಕರು ಹೊರಗೆ ಬಂದು, "ಸಹಿ ಮಾಡಿಬಿಟ್ಟೆ" ಅಂತ ಹಣೆ ಹೊಡೆದುಕೊಂಡರು. ದಿನಾಂಕವನ್ನೂ ಹಾಕಿದ್ದರಂತೆ.

ಉತ್ತರ 3 – ಮುಂಡಗೋಡ ಕಡೆಯ ಶಿಕ್ಷಕಿ

ಸರ್, ಎಲ್ಲಾ ಸರಿ. ಆದರೆ 'ಶಿಕ್ಷಕರ ಕ್ಷೇತ್ರ' ಅಂತ ಹೆಸರಿಟ್ಟು ಪ್ರಾಥಮಿಕ ಶಾಲೆಯವರಿಗೆ ಓಟೇ ಇಲ್ಲವಲ್ಲ? ಹೈಸ್ಕೂಲಿನಿಂದ ಮೇಲಿನವರಿಗೆ ಮಾತ್ರ. ಎಲ್ಲಾ ಚುನಾವಣೆಯಲ್ಲೂ ಬೂತ್ ಕೆಲಸಕ್ಕೆ ಹೋಗ್ತೀವಿ, ಇದರಲ್ಲಿ ನಾವು ಮತದಾರರಲ್ಲ. ಮತ್ತೆ ಒಬ್ಬರೇ 40 ವರ್ಷ ದಾಟಿ ಇದ್ದರೆ ಹೊಸಬರು ಬರುವುದು ಯಾವಾಗ? 1995ರ ನಂತರ ಶುರುವಾದ ಕನ್ನಡ ಶಾಲೆಗಳ ಅನುದಾನದ ಕೂಗು ಇನ್ನೂ ಹಾಗೇ ಇದೆ.

ಉತ್ತರ 4 – ನಿವೃತ್ತ ಮಾಸ್ತರ

ಅಕ್ಕೋರೇ, ಒಪ್ಪಿದೆ. ಓಟಿನ ವಿಷಯ ಸಂವಿಧಾನದಲ್ಲೇ ಹಾಗಿದೆ, ಆದರೂ ನಿಮ್ಮ ಸಿಟ್ಟು ಸರಿ. ಅನುದಾನದ ವಿಷಯದಲ್ಲಿ ನನ್ನ ಹತ್ತಿರವೂ ಉತ್ತರ ಇಲ್ಲ.

ಒಂದನ್ನು ಮಾತ್ರ ಅವರ ಲೆಕ್ಕಕ್ಕೆ ಬರೆಯುತ್ತೇನೆ. 2006ರಲ್ಲಿ ಶಿಕ್ಷಣ ಸಚಿವರಾಗಿದ್ದಾಗ, ಕನ್ನಡ ಮಾಧ್ಯಮ ಅಂತ ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮೇಲೆ ಕ್ರಮಕ್ಕೆ ಇಳಿದಿದ್ದರು. ಖಾಸಗಿ ಶಾಲೆಯವರೂ ಅವರ ಮತದಾರರೇ, ನೆನಪಿರಲಿ. ಪ್ರಾಥಮಿಕ ತರಗತಿಗಳಲ್ಲಿ ಕನ್ನಡ ಅಥವಾ ಮಾತೃಭಾಷೆಯಲ್ಲೇ ಕಲಿಸಬೇಕು ಅನ್ನುವ ಆ ಭಾಷಾ ನೀತಿಯನ್ನೇ 2014ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು, ಅದು ಬೇರೆ ಮಾತು.

ಉತ್ತರ 5 – ಬೆಂಗಳೂರು ಹುಡುಗ

ತುಂಬಾ ಥ್ಯಾಂಕ್ಸ್ ಸರ್. 2022ರಲ್ಲಿ ನೀವು ಯಾರಿಗೆ ಹಾಕಿದಿರಿ?

ಉತ್ತರ 6 – ನಿವೃತ್ತ ಮಾಸ್ತರ

ಹಾಕಲಿಲ್ಲ ತಮ್ಮಾ. ಈ ಮತದಾರರ ಪಟ್ಟಿಯನ್ನು ಪ್ರತಿ ಸಲ ಹೊಸದಾಗಿ ಮಾಡ್ತಾರೆ. ಹಿಂದಿನ ಆರು ವರ್ಷದಲ್ಲಿ ಮೂರು ವರ್ಷ ಪಾಠ ಮಾಡಿರಬೇಕು. ನಾನು ನಿವೃತ್ತಿಯಾದದ್ದು 2018ರ ಮೇ. ಪಟ್ಟಿಗೆ ಲೆಕ್ಕ ಹಿಡಿಯುವ ದಿನ 2021ರ ನವೆಂಬರ್ 1; ಅದರ ಪ್ರಕಾರ ಐದು ತಿಂಗಳು ಕಡಿಮೆ ಬಿತ್ತು. ಅರ್ಜಿ ತುಂಬಿ ಹೆಡ್‌ಮಾಸ್ತರರ ಸಹಿಗೆ ಹೋಗಿದ್ದೆ. ಅವರು ಬೆರಳು ಮಡಚಿ ತಿಂಗಳು ಎಣಿಸಿ, ಅರ್ಜಿ ವಾಪಸ್ ಕೊಟ್ಟು, ಚಹಾ ತರಿಸಿದರು.