ಮೊದಲ ಗಂಟೆಯಲ್ಲೇ ಬಾಯಿ ಬಿಡಬೇಕಾ, ಕಾಯಬೇಕಾ?

ನೇರಮಾತು: ಕಂಪನಿ ಎಡವಿದ ವಿಡಿಯೋ ವೈರಲ್ ಆದರೆ ಮೊದಲ ಗಂಟೆಯಲ್ಲೇ ಏನಾದರೂ ಹೇಳಬೇಕು. ಸುಮ್ನಿದ್ದರೆ ಜನ ತಮಗೆ ತೋಚಿದ ಕಥೆ ಕಟ್ಟುತ್ತಾರೆ. 2009ರಲ್ಲಿ ಡಾಮಿನೋಸ್‌ನ ಇಬ್ಬರು ನೌಕರರು ತಿಂಡಿ ಹೊಲಸು ಮಾಡುವ ವಿಡಿಯೋ ಯೂಟ್ಯೂಬ್‌ಗೆ ಹಾಕಿದರು. ತಾನಾಗೇ ತಣ್ಣಗಾಗುತ್ತೆ ಅಂತ ಕಂಪನಿ ಮೊದಲು ಬಾಯಿ ಮುಚ್ಚಿಕೊಂಡಿತ್ತು. ಕ್ಷಮೆಯ ವಿಡಿಯೋ ಬರುವಷ್ಟರಲ್ಲಿ ಲಕ್ಷಗಟ್ಟಲೆ ಜನ ನೋಡಿಯಾಗಿತ್ತು.

ಹಳೇಕೈ: "ಏನಾದರೂ" ಅಂದಿರಲ್ಲ, ಅದೇ ರೋಗ. 2017ರ ಏಪ್ರಿಲ್‌ನಲ್ಲಿ ಯುನೈಟೆಡ್ ಏರ್‌ಲೈನ್ಸ್ ಕೆಟ್ಟಿದ್ದು ಏನಾದರೂ ಹೇಳಲು ಹೋಗಿಯೇ. ಸೀಟಲ್ಲಿ ಕೂತಿದ್ದ ಪ್ರಯಾಣಿಕನನ್ನು ದರದರ ಎಳೆದುಕೊಂಡು ಹೋದರು. ಮಾರನೇ ದಿನ ಸಿಇಒ ಹೇಳಿಕೆ ಬಂತು, ಅದರಲ್ಲಿ ಅವನಿಗಾದ ಗಾಯದ ಮಾತೇ ಇಲ್ಲ. ನೌಕರರಿಗೆ ಬರೆದ ಪತ್ರದಲ್ಲಂತೂ ಅವನೇ ಗಲಾಟೆ ಮಾಡಿದ ಅನ್ನುವ ಧಾಟಿ, ಅದೂ ಸೋರಿಹೋಯಿತು. ನೆಟ್ಟಗಿನ ಕ್ಷಮೆ ಬಂದಿದ್ದು ಅದರ ಮರುದಿನ. ಕಂಪನಿಗಳ ಪರವಾಗಿ ಇಂಥ ಹೇಳಿಕೆ ಬರೆಯುವ ಕೆಲಸದಲ್ಲೇ ನಾನಿದ್ದೇನೆ. ಅವಸರದ ಒಂದು ಸಾಲನ್ನು ತಿದ್ದಲು ವಾರಗಟ್ಟಲೆ ಬೇಕಾಗುತ್ತದೆ.

ನೇರಮಾತು: "ಮಾರನೇ ದಿನ" ಅಂತ ನೀವೇ ಬರೆದಿದ್ದೀರಿ! ಒಂದು ಗಂಟೆ ಎಲ್ಲಿ, ಮಾರನೇ ದಿನ ಎಲ್ಲಿ? ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ನೋವಿನ ಮಾತ್ರೆ ಟೈಲೆನಾಲ್ ಕಥೆ ನೋಡಿ. 1982ರಲ್ಲಿ ಶಿಕಾಗೋ ಸುತ್ತ ಯಾರೋ ಮಾತ್ರೆಗೆ ಸಯನೈಡ್ ಬೆರೆಸಿ ಏಳು ಜನ ಸತ್ತರು. ಜಾನ್ಸನ್ ಅಂಡ್ ಜಾನ್ಸನ್ ತಕ್ಷಣ ದೇಶದಾದ್ಯಂತ 3.1 ಕೋಟಿ ಬಾಟಲಿ ವಾಪಸ್ ಪಡೆಯಿತು. ಅದಕ್ಕೇ ಕಂಪನಿ ಉಳಿಯಿತು.

ತಾಳೆಪಟ್ಟಿ: "ತಕ್ಷಣ"? ಸಾವು ಶುರುವಾಗಿದ್ದು ಸೆಪ್ಟೆಂಬರ್ 29. ದೇಶವ್ಯಾಪಿ ವಾಪಸಾತಿ ಅಕ್ಟೋಬರ್ 5. ಆರು ದಿನ.

ಗಿರಾಕಿ: ಒಂದು ಗಂಟೆಯೋ ಆರು ದಿನವೋ, ನಮಗೆ ಸಿಗೋದು "ನಿಮ್ಮ ತೊಂದರೆಗೆ ವಿಷಾದ, ಮೆಸೇಜ್ ಮಾಡಿ" ಅನ್ನುವ ಒಂದೇ ಸಾಲು, ಎಲ್ಲರಿಗೂ ಅದೇ. ಮೆಸೇಜ್ ಮಾಡಿದರೆ ಉತ್ತರವಿಲ್ಲ, ಜೋರಾಗಿ ಕೇಳಿದರೆ ಕಾಮೆಂಟೇ ಡಿಲೀಟ್. ಇದರ ಬಗ್ಗೆ ಯಾರೂ ಮಾತಾಡಲ್ವಾ?

ನೇರಮಾತು: @ತಾಳೆಪಟ್ಟಿ ಅನುಮಾನ ಬಂದ ಬ್ಯಾಚನ್ನು 30ನೇ ತಾರೀಕೇ ವಾಪಸ್ ಕರೆದಿದ್ದರು. ಅದನ್ನು ಯಾಕೆ ಬಿಟ್ಟಿರಿ? ಬೇಕಾದ್ದನ್ನು ಮಾತ್ರ ಹೆಕ್ಕುವುದು ಅಂದರೆ ಇದೇ.

ತಾಳೆಪಟ್ಟಿ: ಹೆಕ್ಕಿದ್ದು ನಾನಾ? 3.1 ಕೋಟಿ ಅಂತ ಬರೆದಿದ್ದು ನೀವು, ಆ ಲೆಕ್ಕ 5ನೇ ತಾರೀಕಿನದು. ಇನ್ನೊಂದು ವಿಷಯವನ್ನೂ ನುಂಗಿಬಿಟ್ಟಿರಿ. ನಮ್ಮ ಕಾರ್ಖಾನೆಯಲ್ಲಿ ಸಯನೈಡೇ ಇಲ್ಲ ಅಂತ ಕಂಪನಿ ಮೊದಲು ಪತ್ರಕರ್ತರಿಗೆ ಹೇಳಿತ್ತು. ಆಮೇಲೆ ನೋಡಿದರೆ ಪರೀಕ್ಷೆಯ ಲ್ಯಾಬಿನಲ್ಲಿ ಇತ್ತು! ಹೇಳಿದ ಮಾತನ್ನು ತಿದ್ದಬೇಕಾಯಿತು. ಬೇಗ ಬಾಯಿ ಬಿಟ್ಟಿದ್ದರ ಫಲ ಅದು. ಇವತ್ತಾಗಿದ್ದರೆ ಆ ಮೊದಲ ಮಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಕಂಪನಿಯನ್ನು ಮುಗಿಸಿಬಿಡುತ್ತಿದ್ದರು.

ಹಳೇಕೈ: "ತಿದ್ದಬೇಕಾಯಿತು" ಅನ್ನೋದನ್ನು ಸೋಲಿನ ಹಾಗೆ ಬರೆಯಬೇಡಿ. ತಿದ್ದಿದ್ದಕ್ಕೇ ಪತ್ರಕರ್ತರು ನಂಬಿದರು. ಒಂದು ಮಾತು ಮಾತ್ರ ನೆನಪಿರಲಿ, ಅಲ್ಲಿ ಕಂಪನಿಯದು ತಪ್ಪೇ ಇರಲಿಲ್ಲ. ವಿಷ ಬೆರೆತದ್ದು ಮಾಲು ಕಾರ್ಖಾನೆ ಬಿಟ್ಟ ಮೇಲೆ. ತಪ್ಪಿಲ್ಲದವರಿಗೆ ಬೇಗ ಮಾತಾಡುವುದು ಸುಲಭ. ತಪ್ಪು ನಿಮ್ಮದೇ ಆಗಿದ್ದು, ಪಕ್ಕದಲ್ಲಿ ವಕೀಲರು ಕೂತು ಪ್ರತಿ ಪದಕ್ಕೂ ಬೇಡ ಅನ್ನುತ್ತಿರುವಾಗ ಒಂದು ಗಂಟೆಯಲ್ಲಿ ಏನು ಬರೆಯುತ್ತೀರಿ, ಹೇಳಿ ನೋಡೋಣ.

ನೇರಮಾತು: "ವಕೀಲರು" ಅಂದರಲ್ಲ, ಸಮಸ್ಯೆ ಅಲ್ಲೇ ಇದೆ! ಏನು ಬರೆಯಬೇಕು ಅಂದರೆ: ವಿಡಿಯೋ ನೋಡಿದ್ದೇವೆ, ನೊಂದವರ ಜೊತೆ ಮಾತಾಡುತ್ತಿದ್ದೇವೆ, ಗೊತ್ತಾದದ್ದನ್ನು ಸಂಜೆಯೊಳಗೆ ಹೇಳುತ್ತೇವೆ. ಇದರಲ್ಲಿ ಕೋರ್ಟಿಗೆ ಎಳೆಯುವಂಥದ್ದು ಏನಿದೆ?

ಹಳೇಕೈ: "ಸಂಜೆಯೊಳಗೆ" ಅಂತ ಹಾಕಿದಿರಿ. ಸಂಜೆಗೂ ಏನೂ ಗೊತ್ತಾಗದಿದ್ದರೆ? ಆಗ ಮಾತಿಗೆ ತಪ್ಪಿದ ಕಂಪನಿ ಅನ್ನುವ ಎರಡನೇ ಗಲಾಟೆ. ನಾನಾದರೆ ಗಡುವು ಹಾಕುವುದಿಲ್ಲ. ಮೊದಲೆರಡು ಸಾಲು ಬೇಕಾದರೆ ಇರಲಿ.

ನೇರಮಾತು: ಇರಲಿ ಅಂದಿರಲ್ಲ, ಸಾಕು. ನಾನು ಹೇಳಿದ್ದೂ ಅದನ್ನೇ.

ತಾಳೆಪಟ್ಟಿ: ನೀವು ಹೇಳಿದ್ದು "ತಕ್ಷಣ 3.1 ಕೋಟಿ" ಅಂತ. ಮೇಲೆ ಹಾಗೇ ಇದೆ, ಇನ್ನೂ ತಿದ್ದಿಲ್ಲ.

ನೇರಮಾತು: 30ನೇ ತಾರೀಕಿನ ಬ್ಯಾಚಿಗೆ ನೀವು ಉತ್ತರ ಕೊಟ್ಟ ಮೇಲೆ ತಿದ್ದುತ್ತೇನೆ.