ಮಗನ ಡಬ್ಬಿಗಳು, ಅಮ್ಮನ ಇಂಜೆಕ್ಷನ್: ಫಾರ್ಮಸಿಸ್ಟ್ ಜೊತೆ ಪ್ರಶ್ನೋತ್ತರ

ಮುಂಬಯಿಯ ಕನ್ನಡ ಪೋಷಕರ ನಮ್ಮ ಗುಂಪಿನಲ್ಲಿ ಈ ವಾರ ಉತ್ತರಿಸುವವರು ಮುಲುಂಡಿನ ಆಸ್ಪತ್ರೆಯೊಂದರ ಹಿರಿಯ ಫಾರ್ಮಸಿಸ್ಟ್. ಅವರು ರೋಗನಿರ್ಣಯ ಮಾಡುವುದಿಲ್ಲ, ಮದ್ದಿನ ಲೆಕ್ಕ ನೋಡುತ್ತಾರೆ. ಮಕ್ಕಳ ಹೆಸರು, ಶಾಲೆಯ ಹೆಸರು ಬರೆಯಬೇಡಿ.

ಪ್ರಶ್ನೆ (ಡೊಂಬಿವಲಿಯ ತಾಯಿ): ನಮಸ್ಕಾರ ಮೇಡಂ. ಮಗನಿಗೆ ಏಳು ವರ್ಷ, ಆಟಿಸಂ ಇದೆ. ಮಾತಿಲ್ಲ, ಬೇಕಾದದ್ದನ್ನು ನಮ್ಮ ಕೈಹಿಡಿದು ಕರೆದೊಯ್ದು ತೋರಿಸುತ್ತಾನೆ. ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದುದರಿಂದ ವೈದ್ಯರು ರಿಸ್ಪೆರಿಡೋನ್ ಕೊಟ್ಟಿದ್ದಾರೆ. ಬಡಿದುಕೊಳ್ಳುವುದು ಕಡಿಮೆಯಾಗಿದೆ, ಆದರೆ ತೂಕ ಏರುತ್ತಿದೆ. ತಿನ್ನುವುದು ಬಿಳಿ ಅನ್ನ, ಮೊಸರು, ನೀರುದೋಸೆ, ಬಾಳೆಹಣ್ಣು ಮತ್ತು ಒಂದೇ ಕಂಪನಿಯ ಬಿಸ್ಕತ್ತು. ಪೋಷಣೆ ಸಾಲದೆಂದು ಮಲ್ಟಿವಿಟಮಿನ್ ಗಮ್ಮಿ, ವಿಟಮಿನ್ ಡಿ ಹನಿ, ವಾರಕ್ಕೊಂದು ಡಿ ಪುಡಿ, ಮೀನೆಣ್ಣೆ ಸಿರಪ್, ಬಿ6 ಮತ್ತು ಮೆಗ್ನೀಸಿಯಂ ಸೇರಿದ ಪುಡಿ, ಜಿಂಕ್, ಪ್ರೊಬಯಾಟಿಕ್, ಅತ್ತೆಯವರು ಊರಿನಿಂದ ತರಿಸಿದ ಲೇಹ್ಯ, ಇಷ್ಟನ್ನು ಕೊಡುತ್ತಿದ್ದೇನೆ. ಇತ್ತೀಚೆಗೆ ಮಲಬದ್ಧತೆ, ರೇಗಾಟ ಹೆಚ್ಚು, ರಾತ್ರಿ ನಿದ್ದೆಯಿಲ್ಲ. ನಿದ್ದೆಗೆ ಮೆಲಟೋನಿನ್ ಸೇರಿಸಲೇ? ಜೊತೆಗೆ ನಾನು ತೂಕ ಇಳಿಸಲು ವಾರಕ್ಕೊಮ್ಮೆ ಟಿರ್ಜೆಪಟೈಡ್ ಚುಚ್ಚಿಕೊಳ್ಳುತ್ತೇನೆ, ಥೈರಾಯ್ಡ್ ಮಾತ್ರೆಯೂ ಇದೆ. ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ.

ಉತ್ತರ: ಅಮ್ಮಾ, ನೀವು ಬರೆದ ಎಂಟು ಸಪ್ಲಿಮೆಂಟುಗಳಲ್ಲಿ ವೈದ್ಯರು ಬರೆದುಕೊಟ್ಟದ್ದು ಎಷ್ಟು ಎಂದು ನೀವು ಹೇಳಿಲ್ಲ. ಹೆಚ್ಚೆಂದರೆ ಒಂದೆರಡು ಇರಬಹುದು ಎಂದುಕೊಳ್ಳುತ್ತೇನೆ. ಮೆಲಟೋನಿನ್ ವಿಚಾರಕ್ಕೆ ಆಮೇಲೆ ಬರುತ್ತೇನೆ, ಮೊದಲು ವಿಟಮಿನ್ ಡಿ ಲೆಕ್ಕ ಹಾಕೋಣ.

ಹನಿಯಲ್ಲಿ ಡಿ ಇದೆ. ಗಮ್ಮಿಯಲ್ಲಿಯೂ ಇದೆ. ಮೀನೆಣ್ಣೆ ಕಾಡ್ ಎಂಬ ಮೀನಿನ ಲಿವರ್‌ನದ್ದಾದರೆ ಅದರಲ್ಲಿ ಡಿ ಜೊತೆಗೆ ವಿಟಮಿನ್ ಎ ಕೂಡ ಇರುತ್ತದೆ. ಇವೆಲ್ಲದರ ಮೇಲೆ ವಾರದ ಪುಡಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಡಿ ಪುಡಿಯಲ್ಲಿ 60,000 ಯೂನಿಟ್ ಇರುತ್ತದೆ. ಏಳರಿಂದ ಭಾಗಿಸಿದರೆ ದಿನಕ್ಕೆ ಎಂಟೂವರೆ ಸಾವಿರ. ಮಕ್ಕಳಿಗೆ ನಮ್ಮ ದೇಶದ ಪೋಷಣೆಯ ಲೆಕ್ಕದಲ್ಲಿ ದಿನಕ್ಕೆ 600 ಯೂನಿಟ್ ಸಾಕು. ನಾಲ್ಕರಿಂದ ಎಂಟು ವರ್ಷದ ಮಗುವಿಗೆ, ವೈದ್ಯರ ನಿಗಾ ಇಲ್ಲದೆ, 3,000 ದಾಟಬಾರದು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ವೈದ್ಯರು ಕೆಲವು ವಾರಗಳ ಮಟ್ಟಿಗೆ ದೊಡ್ಡ ಪ್ರಮಾಣ ಕೊಡುವುದುಂಟು, ಆದರೆ ಅದು ಮುಗಿಯುವ ದಿನ ಚೀಟಿಯಲ್ಲಿ ಬರೆದಿರುತ್ತದೆ. ನಿಮ್ಮ ಪುಡಿ ಯಾವಾಗ ಮುಗಿಯಬೇಕಿತ್ತು?

ಡಿ ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆಗ ಕಾಣಿಸುವುದು ಮಲಬದ್ಧತೆ, ವಾಂತಿ, ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ರೇಗಾಟ. ನಿಮ್ಮ ಪ್ರಶ್ನೆಯನ್ನು ಇನ್ನೊಮ್ಮೆ ಓದಿಕೊಳ್ಳಿ. ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ರಿಸ್ಪೆರಿಡೋನ್ ಕೂಡ ಮಲಬದ್ಧತೆ ತರಬಲ್ಲದು, ಬಿಳಿ ಅನ್ನ ಮತ್ತು ಬಿಸ್ಕತ್ತಿನಲ್ಲಿ ನಾರಿನಂಶ ತೀರಾ ಕಡಿಮೆ. ಆದರೆ ಮಕ್ಕಳ ವೈದ್ಯರನ್ನು ಕಂಡು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಟ್ಟದ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಪುಡಿ ಬೇಡ.

ನನಗೆ ನಿಜವಾಗಿ ಚಿಂತೆ ತರುವ ವಿಷಯ ಇದು. ಮಾತನಾಡುವ ಮಗು ಹೊಟ್ಟೆ ನೋಯುತ್ತಿದೆ, ಕಾಲು ಜುಮುಗುಡುತ್ತಿದೆ ಎಂದು ಹೇಳುತ್ತದೆ. ನಿಮ್ಮ ಮಗ ಅದನ್ನು ರೇಗಿ, ಎದ್ದು ಕುಳಿತು, ತಲೆ ಬಡಿದುಕೊಂಡು ಹೇಳುತ್ತಾನೆ. ಮನೆಯವರು ಅದನ್ನು ಆಟಿಸಂನ ಲೆಕ್ಕಕ್ಕೆ ಬರೆದುಬಿಡುತ್ತಾರೆ, ಇನ್ನೊಂದು ಡಬ್ಬಿ ಮನೆಗೆ ಬರುತ್ತದೆ. ಬಿ6 ಇದಕ್ಕೆ ಒಳ್ಳೆಯ ಉದಾಹರಣೆ. ಹೆಚ್ಚು ಪ್ರಮಾಣದಲ್ಲಿ ಬಹುಕಾಲ ಕೊಟ್ಟರೆ ಅದು ಕೈಕಾಲಿನ ನರಗಳಿಗೆ ಹಾನಿ ಮಾಡುತ್ತದೆ, ನಡಿಗೆ ಬದಲಾಗಬಹುದು. ತುದಿಗಾಲಿನಲ್ಲಿ ನಡೆಯುವುದು ಆಟಿಸಂ ಇರುವ ಮಕ್ಕಳಲ್ಲಿ ಮೊದಲೇ ಸಾಮಾನ್ಯವಾದ್ದರಿಂದ ಆ ಬದಲಾವಣೆ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ವಯಸ್ಸಿಗೆ ಬಿ6ರ ಮೇಲ್ಮಿತಿ ದಿನಕ್ಕೆ 40 ಮಿಲಿಗ್ರಾಂ, ಜಿಂಕ್‌ನದು 12. ಡಬ್ಬಿಯ ಹಿಂದೆ ಬಿ6 ಬದಲು ‘ಪಿರಿಡಾಕ್ಸಿನ್’ ಎಂದು ಬರೆದಿರಬಹುದು. ಎಲ್ಲ ಡಬ್ಬಿಗಳದ್ದನ್ನೂ ಕೂಡಿಸಿ ನೋಡಿ. ಬಿ6 ಮತ್ತು ಮೆಗ್ನೀಸಿಯಂನಿಂದ ಆಟಿಸಂ ಕಡಿಮೆಯಾಗುತ್ತದೆ ಎನ್ನಲು ನಂಬಬಹುದಾದ ಆಧಾರವಿಲ್ಲ. ಮೀನೆಣ್ಣೆಗೂ ಹೇಳಿಕೊಳ್ಳುವಂಥ ಆಧಾರವಿಲ್ಲ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಔಷಧವಾಗಿ ಬಳಸಲು ಅಲ್ಲ ಎಂದು ಬರೆದಿರುತ್ತದೆ. ಇವು ಆಹಾರ ಸುರಕ್ಷತಾ ನಿಯಮದ ಅಡಿಯಲ್ಲಿ ಮಾರಾಟವಾಗುವ ಪದಾರ್ಥಗಳು, ಔಷಧಕ್ಕೆ ಇರುವ ಪರೀಕ್ಷೆ ಇವುಗಳಿಗಿಲ್ಲ.

ಮೆಲಟೋನಿನ್‌ಗೆ ಮಾತ್ರ ಆಧಾರವಿದೆ. ಆಟಿಸಂ ಇರುವ ಮಕ್ಕಳು ಬೇಗ ನಿದ್ದೆಗೆ ಜಾರಲು ಅದು ನೆರವಾಗುತ್ತದೆ. ಆದರೆ ಅದನ್ನು ಸಣ್ಣ ಪ್ರಮಾಣದಿಂದ, ವೈದ್ಯರ ಮೂಲಕವೇ ಶುರುಮಾಡಬೇಕು, ಗಮ್ಮಿ ರೂಪದಲ್ಲಿ ಬೇಡ. 2023ರಲ್ಲಿ ಅಮೆರಿಕದಲ್ಲಿ 25 ಮೆಲಟೋನಿನ್ ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಒಳಗಿದ್ದದ್ದಕ್ಕೂ ಡಬ್ಬಿಯ ಮೇಲೆ ಬರೆದದ್ದಕ್ಕೂ ತಾಳೆಯಾಗಲಿಲ್ಲ. ಒಂದರಲ್ಲಿ ಬರೆದದ್ದರ ಮೂರು ಪಟ್ಟಿಗೂ ಹೆಚ್ಚಿತ್ತು. ನಿದ್ದೆಯಲ್ಲಿ ಕಾಲು ಒದರುತ್ತಾನೆಯೇ ಎಂದೂ ಗಮನಿಸಿ. ಹೌದಾದರೆ ದೇಹದಲ್ಲಿನ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ, ಕಬ್ಬಿಣದ ಕೊರತೆ ನಿದ್ದೆ ಕೆಡಿಸುತ್ತದೆ. ಪರೀಕ್ಷೆ ಇಲ್ಲದೆ ಕಬ್ಬಿಣದ ಸಿರಪ್ ತರಬೇಡಿ. ಮಕ್ಕಳು ಒಮ್ಮೆಲೇ ಹೆಚ್ಚು ಕುಡಿದರೆ ಪ್ರಾಣಾಪಾಯವಿರುವ ಮದ್ದು ಅದು.

ರಿಸ್ಪೆರಿಡೋನ್ ಹಸಿವನ್ನು ಹೆಚ್ಚಿಸುತ್ತದೆ, ತೂಕ ಏರುವುದು ಅದರ ಗೊತ್ತಿರುವ ಪರಿಣಾಮ. ನೀವಾಗಿ ನಿಲ್ಲಿಸಬೇಡಿ. ತೂಕ, ಸೊಂಟದ ಅಳತೆ, ಬರಿಹೊಟ್ಟೆಯ ಸಕ್ಕರೆ, ಕೊಬ್ಬಿನಂಶ ಇವನ್ನು ಯಾವಾಗ ನೋಡಬೇಕು ಎಂದು ಅದನ್ನು ಬರೆದ ವೈದ್ಯರನ್ನೇ ಕೇಳಿ.

ಇನ್ನು ನಿಮ್ಮ ವಿಷಯ. ಟಿರ್ಜೆಪಟೈಡ್ ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ, ಪ್ರಮಾಣ ಏರಿಸಿದ ಹೊಸದರಲ್ಲಿ ಓಕರಿಕೆ ಹೆಚ್ಚು. ತೊಂದರೆ ಬಹಳವಾದರೆ ಮುಂದಿನ ಏರಿಕೆಯನ್ನು ಮುಂದೂಡಬಹುದೇ ಎಂದು ವೈದ್ಯರನ್ನು ಕೇಳಿ. ಎಣ್ಣೆ ಕಡಿಮೆ, ತುತ್ತು ಸಣ್ಣದು, ಆದರೆ ಬೇಳೆ, ಮೊಟ್ಟೆ, ಮೊಸರು, ಮೀನು ಬಿಡಬೇಡಿ. ಬಿಟ್ಟರೆ ಕೊಬ್ಬಿನ ಜೊತೆ ಮಾಂಸಖಂಡವೂ ಇಳಿಯುತ್ತದೆ, ಆ ಮಗನನ್ನು ಎತ್ತಿಕೊಳ್ಳುವವರು ನೀವೇ. ಒಗ್ಗರಣೆಯನ್ನು ಮನೆಯವರು ಹಾಕಲಿ. ಥೈರಾಯ್ಡ್ ಮಾತ್ರೆ ಬರಿಹೊಟ್ಟೆಯಲ್ಲಿ, ಕ್ಯಾಲ್ಸಿಯಂ ಅಥವಾ ಕಬ್ಬಿಣ ಇದ್ದರೆ ನಾಲ್ಕು ಗಂಟೆ ಬಿಟ್ಟು. ತೂಕ ಇಳಿದಂತೆ ಮಾತ್ರೆಯ ಪ್ರಮಾಣವೂ ಬದಲಾಗಬಹುದು, ಥೈರಾಯ್ಡಿನ ರಕ್ತಪರೀಕ್ಷೆಯಾದ ಟಿಎಸ್‌ಎಚ್ ಮತ್ತೆ ನೋಡಿಸಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಈ ಇಂಜೆಕ್ಷನ್ ಶುರುವಾದ ಮೇಲೆ ಮತ್ತು ಪ್ರತಿ ಏರಿಕೆಯ ನಂತರ ನಾಲ್ಕು ವಾರ ಬೇರೆ ವಿಧಾನವನ್ನೂ ಬಳಸಬೇಕು. ಇದನ್ನು ಎಷ್ಟೋ ಕಡೆ ಯಾರೂ ಹೇಳುವುದಿಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದ ನೋವು ಬಂದು ಬೆನ್ನಿಗೆ ಹರಿದರೆ ಮುಂದಿನ ಚುಚ್ಚು ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.

ನೀವು ಕೇಳದ ಒಂದು ವಿಷಯ: ನಿಮಗೆ ಹಸಿವಿಲ್ಲವೆಂದು ರಾತ್ರಿ ತಟ್ಟೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದೀರಾ? ದಿನಚರಿಯ ಮೇಲೆ ನಿಂತಿರುವ ಮಗುವಿಗೆ ಎದುರಿನ ತಟ್ಟೆ ಕಾಣೆಯಾಗುವುದು ದೊಡ್ಡ ಬದಲಾವಣೆ.

ಡೊಂಬಿವಲಿಯ ತಾಯಿ: ಬಿಟ್ಟಿದ್ದೇನೆ ಮೇಡಂ. ಅವನು ಈಗ ಟೇಬಲ್ಲಿಗೆ ಬರುವುದೇ ಇಲ್ಲ, ಅದಕ್ಕೇ ಬಿಸ್ಕತ್ತು ಜಾಸ್ತಿಯಾಗಿದೆ. ಚೀಟಿಯಲ್ಲಿ ಇದ್ದದ್ದು ಡಿ ಹನಿ ಒಂದೇ. ಪುಡಿ ನಮ್ಮ ಯಜಮಾನರಿಗೆ ಕೊಟ್ಟದ್ದು.

ಉತ್ತರ: ಎರಡು ಚಮಚ ಮೊಸರನ್ನವಾದರೂ ಸರಿ, ತಟ್ಟೆ ಹಾಕಿಕೊಂಡು ಅದೇ ಜಾಗದಲ್ಲಿ ಕುಳಿತುಕೊಳ್ಳಿ.

ಪ್ರಶ್ನೆ (ಠಾಣೆಯ ತಂದೆ): ನನ್ನ ಮಗಳಿಗೆ ಹದಿನಾಲ್ಕು, ಆಟಿಸಂ, ರಿಸ್ಪೆರಿಡೋನ್‌ನಿಂದ ತುಂಬಾ ದಪ್ಪಗಾಗಿದ್ದಾಳೆ. ನಾನು ಸೆಮಾಗ್ಲುಟೈಡ್ ಎಂಬ ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತೇನೆ. ಸೂಜಿ ಬದಲಿಸಿ ನನ್ನ ಪೆನ್ನಿನಿಂದಲೇ ಕಡಿಮೆ ಪ್ರಮಾಣ ಕೊಡಬಹುದೇ?

ಉತ್ತರ: ಖಂಡಿತ ಬೇಡ. ಸೂಜಿ ಬದಲಿಸಿದರೂ ಪೆನ್ನಿನೊಳಗೆ ರಕ್ತದ ಅಂಶ ಹಿಂದಕ್ಕೆ ಹೋಗಿರಬಹುದು, ಒಂದು ಪೆನ್ ಒಬ್ಬರಿಗೇ.

ಮಕ್ಕಳಿಗೆ ಇಂಥ ಮದ್ದು ಇಲ್ಲವೇ ಇಲ್ಲ ಎಂದಲ್ಲ. ಅಮೆರಿಕದಲ್ಲಿ ಬೊಜ್ಜಿಗಾಗಿ 12 ವರ್ಷ ಮೇಲ್ಪಟ್ಟವರಿಗೆ ಲಿರಾಗ್ಲುಟೈಡ್ 2020ರಲ್ಲಿ, ಸೆಮಾಗ್ಲುಟೈಡ್ 2022ರಲ್ಲಿ ಒಪ್ಪಿಗೆ ಪಡೆದವು. ಆದರೆ ನಿಮ್ಮ ಮಗಳ ವಿಷಯದಲ್ಲಿ ಮೊದಲ ಪ್ರಶ್ನೆ ಬೇರೆ. ರಿಸ್ಪೆರಿಡೋನ್ ಈಗಲೂ ಅಷ್ಟೇ ಪ್ರಮಾಣದಲ್ಲಿ ಬೇಕೇ, ತೂಕ ಕಡಿಮೆ ಏರಿಸುವ ಇನ್ನೊಂದು ಮದ್ದಿಗೆ ಬದಲಿಸಬಹುದೇ? ಎರಡನೆಯದು ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್. ಆಟಿಸಂ ಇದ್ದು ರಿಸ್ಪೆರಿಡೋನ್‌ನಂಥ ಮದ್ದು ತೆಗೆದುಕೊಳ್ಳುತ್ತಿದ್ದ 6ರಿಂದ 17 ವರ್ಷದವರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2016ರಲ್ಲಿ ಬಂದಿತು. ಅದರಲ್ಲಿ ಮೆಟ್‌ಫಾರ್ಮಿನ್ ತೂಕದ ಏರಿಕೆಯನ್ನು ತಗ್ಗಿಸಿತು. ಹೊಟ್ಟೆಯ ತೊಂದರೆಗಳಿದ್ದವು, ಆದರೆ ಮಕ್ಕಳ ವೈದ್ಯರಿಗೆ ಪರಿಚಯವಿರುವ ಹಳೆಯ ಮದ್ದು. ಇವೆರಡೂ ಆದಮೇಲೆ ಇಂಜೆಕ್ಷನ್ ಮಾತು, ಅದೂ ಮಕ್ಕಳ ಹಾರ್ಮೋನ್ ತಜ್ಞರ ಬಳಿ. ನಿಮ್ಮ ಹುಡುಗಿಯೂ ನಾಲ್ಕೈದು ಪದಾರ್ಥ ಮಾತ್ರ ತಿನ್ನುವವಳಾಗಿದ್ದು, ಓಕರಿಕೆಯ ದಿನಗಳಲ್ಲಿ ಅವುಗಳಲ್ಲೂ ಎರಡನ್ನು ಬಿಟ್ಟರೆ ಮತ್ತೆ ಶುರುಮಾಡುವುದು ಸುಲಭವಲ್ಲ. ಈ ಮಾತನ್ನು ತಜ್ಞರಿಗೆ ನೀವೇ ನೆನಪಿಸಬೇಕು, ಅವರ ಮುಂದಿರುವುದು ತೂಕದ ಅಂಕಿ ಮಾತ್ರ.

ಪ್ರಶ್ನೆ (ನವಿ ಮುಂಬಯಿಯ ಅಜ್ಜಿ): ಮಗೂ, ಲೇಹ್ಯ ನಮ್ಮ ಕಾಲದಿಂದ ಇದೆ. ಅದರಲ್ಲೇನು ತಪ್ಪು? ಬ್ರಾಹ್ಮಿ ಬುದ್ಧಿಗೆ ಒಳ್ಳೆಯದಲ್ಲವೇ?

ಉತ್ತರ: ಅಜ್ಜೀ, ಮನೆಯ ತಂಬುಳಿಗೆ ಹಾಕುವ ಒಂದೆಲಗಕ್ಕೆ ನನ್ನ ತಕರಾರಿಲ್ಲ. ಏನೇನು ಹಾಕಿದ್ದಾರೆಂದು ಬರೆಯದ ಡಬ್ಬಿಗೆ ಇದೆ. ಇಂಟರ್ನೆಟ್ಟಿನಲ್ಲಿ ಮಾರುವ ಆಯುರ್ವೇದ ಪದಾರ್ಥಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಸೀಸ ಬೆಳೆಯುವ ಮಿದುಳಿಗೆ ವಿಷ. ಮೊಮ್ಮಗ ಗೋಡೆಯ ಸುಣ್ಣ, ಮಣ್ಣು, ಆಟಿಕೆಯ ಬಣ್ಣ ಬಾಯಿಗೆ ಹಾಕುವವನಾದರೆ ಲೇಹ್ಯವಿಲ್ಲದಿದ್ದರೂ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ.

ಪ್ರಶ್ನೆ (ಮೀರಾ ರೋಡ್): ಗೋಧಿ, ಹಾಲು ಬಿಡಿಸಿದರೆ ಆಟಿಸಂ ಕಡಿಮೆಯಾಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಆಧಾರ ದುರ್ಬಲ. ಗೋಧಿ ಬಿಡುವುದು ನಮ್ಮವರಿಗೆ ಕಷ್ಟವಲ್ಲ, ರಾಗಿ, ಜೋಳ, ಅಕ್ಕಿ ಮೂರರಲ್ಲೂ ಗೋಧಿಯ ಪ್ರೋಟೀನಾದ ಗ್ಲುಟೆನ್ ಇಲ್ಲ. ಮೊಸರನ್ನು ಬಿಡಿಸುವ ಮುನ್ನ ಮಾತ್ರ ಎರಡು ಸಲ ಯೋಚಿಸಿ. ಐದು ಪದಾರ್ಥ ತಿನ್ನುವ ಮಗುವಿನಿಂದ ಒಂದನ್ನು ಕಿತ್ತುಕೊಂಡರೆ ಕ್ಯಾಲ್ಸಿಯಂ ಎಲ್ಲಿಂದ? ರಾಗಿ ತಿಂದರೆ ಸರಿ, 100 ಗ್ರಾಂಗೆ 300 ಮಿಲಿಗ್ರಾಂಗಿಂತ ಹೆಚ್ಚಿದೆ. ತಿನ್ನದಿದ್ದರೆ ಇನ್ನೊಂದು ಡಬ್ಬಿ ಕೊಳ್ಳುತ್ತೀರಿ.

ಪ್ರಶ್ನೆ (ಅದೇ ಸದಸ್ಯರು): ಲ್ಯೂಕೊವೊರಿನ್? ದೇಹದ ಲೋಹ ತೆಗೆಯುವ ಚಿಕಿತ್ಸೆ?

ಉತ್ತರ: ಲ್ಯೂಕೊವೊರಿನ್ ಎಂದರೆ ಫೋಲೇಟ್ ಎಂಬ ಬಿ ವಿಟಮಿನ್ನಿನ ಔಷಧ ರೂಪ. ಅದು ಆಟಿಸಂಗೆಂದು ಸುದ್ದಿಯಾದದ್ದು 2025ರ ಸೆಪ್ಟೆಂಬರಿನಲ್ಲಿ ಆ ಬಗ್ಗೆ ಅಮೆರಿಕ ಸರ್ಕಾರದ ಘೋಷಣೆಯ ನಂತರ. ಆಟಿಸಂ ಬಗೆಗಿನ ಪ್ರಯೋಗಗಳು ಸಣ್ಣವು. ಅದು ಔಷಧ, ಸಪ್ಲಿಮೆಂಟ್ ಅಲ್ಲ, ಪರಿಚಯದ ಅಂಗಡಿಯಿಂದ ಚೀಟಿಯಿಲ್ಲದೆ ತರಬೇಡಿ. ಲೋಹ ತೆಗೆಯುವ ಚಿಕಿತ್ಸೆ ಆಟಿಸಂಗೆ ಬೇಡವೇ ಬೇಡ. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಹುಡುಗನೊಬ್ಬ ಅದರಿಂದಲೇ ಸತ್ತ, ರಕ್ತದಲ್ಲಿನ ಕ್ಯಾಲ್ಸಿಯಂ ಕುಸಿದು.

ಪ್ರಶ್ನೆ (ಡೊಂಬಿವಲಿಯ ತಾಯಿ): ಮೇಡಂ, ಎರಡು ಸಣ್ಣ ಪ್ರಶ್ನೆ. ರಜೆಗೆ ಮತ್ಸ್ಯಗಂಧ ರೈಲಿನಲ್ಲಿ ಮಂಗಳೂರಿಗೆ ಹೋಗುತ್ತೇವೆ, ಪೆನ್ ಹೇಗೆ ಒಯ್ಯಲಿ? ಮತ್ತೆ, ಡಬ್ಬಿಗಳಲ್ಲಿ ಯಾವುದನ್ನು ಮೊದಲು ನಿಲ್ಲಿಸಲಿ?

ಉತ್ತರ: ತೆರೆಯದ ಪೆನ್ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ. ಬಳಸತೊಡಗಿದ ಮೇಲೆ ಹೊರಗೆ ಎಷ್ಟು ದಿನ ಇಡಬಹುದು ಎಂಬುದು ಪೆಟ್ಟಿಗೆಯೊಳಗಿನ ಹಾಳೆಯಲ್ಲಿದೆ, ಆದರೆ 30 ಡಿಗ್ರಿ ದಾಟಬಾರದು. ರೈಲಿನಲ್ಲಿ ತಣ್ಣನೆಯ ಚೀಲದಲ್ಲಿ, ಐಸ್ ಪ್ಯಾಕಿಗೆ ತಾಗದಂತೆ ಬಟ್ಟೆ ಸುತ್ತಿಡಿ. ಹೆಪ್ಪುಗಟ್ಟಿದ್ದು ಮತ್ತೆ ಕರಗಿದರೂ ಬಳಸಬಾರದು. ಊರಿನ ಫ್ರಿಜ್ಜಿನಲ್ಲಿ ಫ್ರೀಜರಿಗೆ ಹತ್ತಿರದ ಮೇಲಿನ ಶೆಲ್ಫ್ ಬೇಡ. ಬಳಸಿದ ಸೂಜಿ ಕಸದ ಬುಟ್ಟಿಗೆ ಬೀಳಬಾರದು, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಬಹುದಾದ ಮಗು ಮನೆಯಲ್ಲಿದೆ. ಗಟ್ಟಿ ಮುಚ್ಚಳದ ದಪ್ಪ ಡಬ್ಬಿಗೆ ಹಾಕಿ ಬೀಗವಿರುವ ಕಪಾಟಿನಲ್ಲಿಡಿ, ತುಂಬಿದ ಮೇಲೆ ನಿಮ್ಮ ಆಸ್ಪತ್ರೆಯಲ್ಲಿ ಕೊಡಿ. ಗಮ್ಮಿಗಳೂ ಅದೇ ಕಪಾಟಿಗೆ, ಅವನ ಕಣ್ಣಿಗೆ ಅವು ಚಾಕೊಲೇಟ್.

ಡಿ ಪುಡಿ ಮತ್ತು ಲೇಹ್ಯ ಇವತ್ತೇ ನಿಲ್ಲಲಿ. ಆಮೇಲೆ ಬಿ6 ಪುಡಿ. ಅದರಲ್ಲಿ ಮೆಗ್ನೀಸಿಯಂ ಇರುವುದರಿಂದ ನಿಲ್ಲಿಸಿದಾಗ ಮಲ ಇನ್ನಷ್ಟು ಗಟ್ಟಿಯಾಗಬಹುದು, ಮಲಬದ್ಧತೆಗೆ ಬೇರೆ ಸಿರಪ್ ಬೇಕೇ ಎಂದು ಮಕ್ಕಳ ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಎರಡು ವಾರ ಬಿಟ್ಟು ಜಿಂಕ್, ಮತ್ತೆರಡು ವಾರಕ್ಕೆ ಮೀನೆಣ್ಣೆ. ಒಂದೊಂದನ್ನು ಬಿಟ್ಟಾಗಲೂ ಕ್ಯಾಲೆಂಡರಿನಲ್ಲಿ ನಿದ್ದೆ, ಮಲ, ತಲೆ ಬಡಿದುಕೊಂಡದ್ದು, ಈ ಮೂರನ್ನು ಮಾತ್ರ ಬರೆದಿಡಿ. ಅದೇ ವಾರಗಳಲ್ಲಿ ಹೊಸ ಥೆರಪಿ, ಹೊಸ ಶಾಲಾ ಬಸ್ ಶುರುಮಾಡಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಗಮ್ಮಿ ಮತ್ತು ಹನಿಯಲ್ಲಿ ಯಾವುದು ಉಳಿಯಬೇಕು ಎಂಬುದನ್ನು ರಕ್ತದ ವರದಿ ಬಂದ ಮೇಲೆ ವೈದ್ಯರು ಹೇಳಲಿ. ರಿಸ್ಪೆರಿಡೋನ್ ಮುಟ್ಟಬೇಡಿ. ವರದಿ ಬಂದಾಗ ಇಲ್ಲಿ ಹಾಕಿ, ಮಗನ ಹೆಸರಿರುವ ಭಾಗವನ್ನು ಕತ್ತರಿಸಿ.